ಮಾಲಾ ಕಟ್ಟಿದ ತೇಲುವ ಹುಳಗಳು

"ಅದನ್ನ ಅಲ್ಲೇ ಇಡ್ರಿ."

ಹಿಂದಿನಿಂದ ಬಂದ ದನಿಗೆ ಸಂದೀಪ ಬೆಚ್ಚಿಬಿದ್ದ. ಬೈಲಹೊಂಗಲದ ಪೇಟೆಯಲ್ಲಿ ಹನುಮಪ್ಪನ ಚಪ್ಪಲಿ ಅಂಗಡಿಯ ಹಿತ್ತಿಲು ಅದು. ಸಂದೀಪನ ಕೈತುಂಬ ಚಪ್ಪಲಿ ಕೊಯ್ದು ಉಳಿದ ಬಣ್ಣಬಣ್ಣದ ಫೋಮ್ ಚೂರುಗಳು. ಬಾಗಿಲಲ್ಲಿ ಹನುಮಪ್ಪನ ಮಗಳು ಮಾಲಾ ನಿಂತಿದ್ದಳು.

"ಕಸಾ ಅಂತ ತಿಳದಿದ್ದೆ…"

"ಕಸಾ ಆದ್ರೂ ನಮ್ಮ ಕಸಾ. ಕೇಳಿ ಒಯ್ಬೇಕು. ಏನ್ ಮಾಡತೀರಿ ಇದರಾಗ?"

"ಹುಳಾ ಮಾಡತೇನಿ."

ಮಾಲಾ ಅವನನ್ನು ಮೇಲಿಂದ ಕೆಳಗೆ ನೋಡಿದಳು. 'ಮುಖ ಚಂದ ಐತಿ, ತಲಿ ಕೆಟ್ಟೈತಿ' ಎಂದುಕೊಂಡಳು.

ಅವನು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ತೆರೆದ. ಒಳಗೊಂದು ಮಿಡತೆ… ಹಸಿರು ಫೋಮಿನ ಮೈ, ರಬ್ಬರಿನ ಕಾಲು, ಹೊಟ್ಟೆಯ ಕೆಳಗೆ ಸಣ್ಣ ಗಾಳ. ಬಕೆಟ್ಟಿನ ನೀರಿಗೆ ಬಿಟ್ಟ. ತೇಲಿತು. ಮಾಲಾ ಬೆರಳಿನಿಂದ ಒತ್ತಿ ಮುಳುಗಿಸಿದಳು. ಮತ್ತೆ ಮೇಲೆ ಬಂತು.

ಸಂದೀಪ ಸಂಪಗಾಂವದವನು. ಲಾರಿ ಓಡಿಸುತ್ತ ಹಿಮಾಚಲದ ಕುಲ್ಲೂವರೆಗೆ ಹೋದವನು ಅಲ್ಲಿಯೇ ಹೊಳೆದಂಡೆಯ ಒಂದು ವಸತಿಗೃಹದಲ್ಲಿ ಕೆಲಸಕ್ಕೆ ನಿಂತಿದ್ದ. ಅದರ ಮಾಲೀಕರು ನಿವೃತ್ತ ಸೇನಾಧಿಕಾರಿ. ಟ್ರೌಟ್ ಎಂಬ ಚುಕ್ಕಿ ಮೀನು ಹಿಡಿಯುವ ಹವ್ಯಾಸಿಗಳು ವಸಂತದಲ್ಲಿ ಅಲ್ಲಿಗೆ ಬರುತ್ತಾರೆ. ನೀರಿನ ಮೇಲೆ ತೇಲುವ ನಕಲಿ ಹುಳವನ್ನು ನಿಜದ್ದೆಂದು ತಿಳಿದು ಮೀನು ನುಂಗಲು ಮೇಲೆ ಏಳುತ್ತದೆ. ಚಳಿಗಾಲದಲ್ಲಿ ಅಲ್ಲಿ ಮೀನು ಹಿಡಿಯುವಂತಿಲ್ಲ. ಆಗ ಸಂದೀಪ ಊರಿಗೆ ಬಂದು ಮಾರ್ಚಿಗೆ ಬೇಕಾದ ಹುಳಗಳನ್ನು ಕಟ್ಟುತ್ತಿದ್ದ.

"ಹಿಡದ ಮೀನು ತಿಂತಾರೇನು?" ಎಲ್ಲ ಕೇಳಿಸಿಕೊಂಡ ಮಾಲಾ ಕೇಳಿದಳು.

"ಇಲ್ಲ. ಗಾಳದ ಮುಳ್ಳು ಒತ್ತಿ ಚಪ್ಪಟಿ ಮಾಡಿರತೇವಿ, ಮೀನಿಗೆ ಭಾಳ ಗಾಯ ಆಗೂದಿಲ್ಲ. ಬಿಡಿಸಿ ಹೊಳಿಗೇ ಬಿಡತಾರ."

ಆ ಉತ್ತರ ಮಾಲಾಳಿಗೆ ಹಿಡಿಸಿತು. ಚೂರುಗಳನ್ನು ತಾನೇ ಚೀಲಕ್ಕೆ ತುಂಬಿ ಕೊಟ್ಟಳು.

ಅದು ಎರಡು ಸಾವಿರದ ಎರಡನೆಯ ಇಸವಿ. ಆ ಚಳಿಗಾಲವೆಲ್ಲ ಸಂದೀಪ ಅಂಗಡಿಗೆ ಬಂದ. ಮೊದಲು ಫೋಮಿಗಾಗಿ, ಆಮೇಲೆ ಫೋಮಿನ ನೆಪದಲ್ಲಿ. ಮಾಲಾ ಕಟ್ಟುವುದನ್ನೂ ಕಲಿತಳು. ಗಾಳಕ್ಕೆ ಮೊದಲು ದಾರ ಸುತ್ತಬೇಕು, ಇಲ್ಲದಿದ್ದರೆ ಫೋಮ್ ತಿರುಗುತ್ತದೆ. ದಾರ ಒಮ್ಮೆಲೇ ಬಿಗಿದರೆ ಫೋಮ್ ಹರಿಯುತ್ತದೆ. ಕೆಳಗೆ ಕಪ್ಪು ಪದರ ಮೀನಿಗೆ, ಮೇಲೆ ಕಿತ್ತಳೆ ಪದರ ಹಿಡಿಯುವವನ ಕಣ್ಣಿಗೆ.

ಸಂಕ್ರಾಂತಿಯ ಹೊತ್ತಿಗೆ ಅವಳ ಹುಳಗಳು ಅವನವಕ್ಕಿಂತ ನೆಟ್ಟಗೆ ತೇಲುತ್ತಿದ್ದವು. ಅವನು ಅದನ್ನು ಎಲ್ಲರ ಮುಂದೆ ಹೇಳುತ್ತಿದ್ದ. ಮಾಲಾ ತಲೆ ತಗ್ಗಿಸಿ ನಗುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಚಹಾ ಹಿಡಿದು ಬರುವಾಗ ಸಂದೀಪ ಅವಳ ಅಪ್ಪನಿಗೆ ಹೇಳುತ್ತಿದ್ದ ಮಾತು ಕೇಳಿಸಿತು.

"ಮಾಲಾನ ಕೈ ಇಲ್ಲಂದ್ರ ನನ್ನ ಕೆಲಸಾ ನಡ್ಯಾಂಗಿಲ್ರಿ, ಕಾಕಾ. ಅದಕ್ಕ… ಲಗ್ನ ಮಾಡಿಕೊಡ್ರಿ."

ಬಟ್ಟಲು ಅವಳ ಕೈಯಲ್ಲೇ ಉಳಿಯಿತು. 'ಕೈ ಬೇಕಾಗಿತ್ತು ಇವಗ… ನಾ ಅಲ್ಲ.'

ಹನುಮಪ್ಪ ಕೇಳಿದಾಗ ಮಾಲಾ, "ನನಗ ಬ್ಯಾಡ, ಅಪ್ಪಾ," ಎಂದಷ್ಟೇ ಹೇಳಿದಳು. ಸಂದೀಪ ಎದ್ದು ಹೋದ.

"ಯಾಕ ಒಲ್ಲೆ ಅಂದಿ?" ಎಂದು ತಾಯಿ ಕೆಂಪವ್ವ ಕೇಳಿದಳು.

"ಆಳು ಬೇಕಾದ್ರ ಪಗಾರ ಕೊಟ್ಟು ಇಟಗೊಳ್ಳಲಿ."

ಹಾಗೆಂದಳೇ ಹೊರತು ಹೊಸ ಫೋಮ್ ಹಾಳೆ ಬಂದಾಗಲೆಲ್ಲ 'ಈ ಬಣ್ಣ ಮಿಡತಿಗೆ ಚಲೋ' ಎಂದು ಮನಸ್ಸು ಹೇಳುತ್ತಿತ್ತು. ಬಾಗಿಲ ಕಡೆ ನೋಡುವುದು ತಪ್ಪಲಿಲ್ಲ.

ಫೆಬ್ರವರಿಯಲ್ಲಿ ಅವನು ಬಂದ. ಸೊರಗಿದ್ದ. ಮಾಲಾ ಚಪ್ಪಲಿಗೆ ಬಾರು ಹಾಕುತ್ತಿದ್ದವಳು ತಲೆ ಎತ್ತಲಿಲ್ಲ.

"ಕೆಂಪವ್ವಕಾಕು ಪ್ಯಾಟ್ಯಾಗ ಸಿಕ್ಕಿದ್ರು. ನೀವು ಅಂದದ್ದು ಹೇಳಿದ್ರು," ಎಂದ. "ಕುಲ್ಲೂದ ಸಾಹೇಬರಿಗೆ ಫೋನ್ ಹಚ್ಚಿ ಹೇಳೇನಿ… ಹುಳಾ ಈ ಸಲ ಬ್ಯಾರೆ ಕಡಿಯಿಂದ ತರಸ್ರಿ ಅಂತ. ಈಗ ನನಗ ಯಾರ ಕೈಯೂ ಬೇಕಾಗಿಲ್ಲ. ನೀವು ಬೇಕಾಗೀರಿ. ಅದನ್ನ ಹೇಳಾಕ ಬಂದೇನಿ."

"ಆವತ್ತ ಯಾಕ ಹೇಳಲಿಲ್ಲ?"

"ನಿಮ್ಮಪ್ಪನ ಮುಂದ ನಾಲಿಗಿ ತೊಡರಿತು. ಬರೇ ಕೆಲಸದ ಮಾತು ಬಂತು."

ಮಾಲಾ ಬಾರು ಕೆಳಗಿಟ್ಟಳು. ಕಣ್ಣು ತುಂಬಿತ್ತು, ಆದರೂ ದನಿ ಗಟ್ಟಿಯಿತ್ತು.

"ನನ್ನ ಕೇಳದೇ ಲಗ್ನಾ ಕೇಳಿದ್ರಿ. ಈಗ ನನ್ನ ಕೇಳದೇ ಕೆಲಸಾ ಬಿಟ್ರಿ. ನನಗ ಕೆಲಸದ ಮ್ಯಾಲ ಸಿಟ್ಟಿರಲಿಲ್ಲ. ನಾ ಕಟ್ಟಿದ ಹುಳಕ್ಕ ಮೀನು ಏಳೂದು ನೋಡಬೇಕಂತ ಎಷ್ಟು ಆಸೆ ಇತ್ತು, ಗೊತ್ತೇನು?"

ಸಂದೀಪ ಅವಳ ಎದುರು ನೆಲದ ಮೇಲೆ ಕುಳಿತ.

"ತಪ್ಪಾತು," ಎಂದ. "ಈಗ ಏನ್ ಮಾಡ್ಲಿ? ನೀವ ಹೇಳ್ರಿ."

"ಮತ್ತ ಫೋನ್ ಹಚ್ಚ್ರಿ."

ಎದುರಿನ ಎಸ್‌ಟಿಡಿ ಬೂತಿಗೆ ಇಬ್ಬರೂ ಹೋದರು. ಸಾಹೇಬರು ಇನ್ನೂ ಬೇರೆಯವರನ್ನು ಗೊತ್ತುಮಾಡಿರಲಿಲ್ಲ. ಬೈದರು, ಆಮೇಲೆ ಒಪ್ಪಿದರು. ಸಂದೀಪ ಫೋನ್ ಇಟ್ಟು ತಿರುಗಿದ. ಮಾಲಾ ಗಾಜಿನ ಬಾಗಿಲಿಗೆ ಒರಗಿ ಅವನನ್ನೇ ನೋಡುತ್ತಿದ್ದಳು.

"ಮಾಲಾ… ನನ್ನ ಲಗ್ನಾ ಆಗತೀರೇನು?"

"ಹೂಂ. ಮಾರ್ಚದಾಗ ನಾನೂ ಕುಲ್ಲೂಕ್ಕ ಬರಾಕಿ."

"ಅಲ್ಲಿ ಭಾಳ ಚಳಿ. ನೀರಾಗ ಕಾಲ ಇಡಾಕ ಆಗೂದಿಲ್ಲ."

"ನೀರಾಗ ನಿಲ್ಲಾಕ ಯಾರು ಬರತಾರ…" ಅವಳು ದನಿ ತಗ್ಗಿಸಿದಳು. "ನಿಮ್ಮ ಬಾಜೂಕ ನಿಲ್ಲಾಕ ಬರತೇನಿ."