ಕಪ್ಪು ಸ್ಕ್ರೀನಿನಲ್ಲೊಂದು ತೋಕ್ ಪೂ

ಕೋವಿಯ ನಳಿಕೆ ಮೂಗಿಗೆ ತೀರ ಹತ್ತಿರ ಬಂದರೆ ಅದರೊಳಗಿನ ತುಕ್ಕೂ ಕಾಣುತ್ತದೆ.

ನನಗೆ ಕಂಡಿತು!

"ಇಳೀರಿ ಅಕ್ಕ," ಎಂದ ಪ್ರಸಾದ. "ಮರ್ಯಾದೆಯಲ್ಲಿ ಹೇಳ್ತಾ ಉಂಟು."

ಕೊಡಗಿನ ಮಾಕುಟ್ಟದ ಘಾಟಿ. ಹಾಡಹಗಲೇ ಮಂಜು. ಎಡಗಡೆ ಕಾಡು, ಬಲಗಡೆ ಪ್ರಪಾತ, ಹಿಂದೆ ಪ್ರಸಾದನ ಪಿಕಪ್. ಅವನ ಕೈಯಲ್ಲಿ ಎಲ್ಲಿಂದಲೋ ತಂದ ನಾಡಕೋವಿ.

"ಮೆಮೊರಿ ಕಾರ್ಡ್ ಕೊಡಿ. ಧಣಿಗೆ ಅರ್ಜೆಂಟ್."

"ಪ್ರಸಾದ..."

"ಎಂತ?"

"ನಿನ್ನ ಹಿಂದೆ ಆನೆ!"

ಮಾಕುಟ್ಟದಲ್ಲಿ ಈ ಮಾತು ಕೇಳಿ ತಿರುಗಿ ನೋಡದ ಮನುಷ್ಯ ಇನ್ನೂ ಹುಟ್ಟಿಲ್ಲ. ಪ್ರಸಾದ ತಿರುಗಿದ. ನಾನು ಆಕ್ಸಿಲರೇಟರ್ ಒತ್ತಿದೆ!

ನನ್ನ ಹೆಸರು ಸುಲೋಚನಮ್ಮ. ಶನಿವಾರಸಂತೆ ಕಡೆಯವಳು. ಮೊದಲು ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಬರೆಯುತ್ತಿದ್ದೆ. ಈಗ ಜನರ ತಂಟೆ ಬಿಡಿಸುತ್ತೇನೆ. ಓಡಿಹೋದ ಮೈದುನ, ಕಳುವಾದ ಪಂಪ್‌ಸೆಟ್, ಬೇಲಿ ಜಗಳ... ಪೊಲೀಸರಿಗೆ ಬೇಜಾರು ತರಿಸಿದ ಕೇಸುಗಳೆಲ್ಲ ಕೊನೆಗೆ ನನ್ನ ಮನೆ ಬಾಗಿಲಿಗೇ. ನೀವು ಕೇಳಿದಿರಿ ಅಂತ ಹೇಳುತ್ತಿದ್ದೇನೆ. ನಡುವೆ ಬಾಯಿ ಹಾಕಬೇಡಿ.

ಒಂದು ತಿರುವು. ಎರಡನೆಯ ತಿರುವು. ಕನ್ನಡಿಯಲ್ಲಿ ಪಿಕಪ್ ದೊಡ್ಡದಾಗುತ್ತಿತ್ತು. ಜೀಪು ಕೆಮ್ಮಿತು. ನಾನು ಅದಕ್ಕೆ ಬೈದೆ. ಮೂರನೆಯ ತಿರುವಿನಲ್ಲಿ ಬ್ರೇಕ್ ಒತ್ತಿದೆ.

ರಸ್ತೆಯ ನಟ್ಟನಡುವೆ ಆನೆ ನಿಂತಿತ್ತು.

ನಿಜವಾದ ಆನೆ!

ನಾನು ಎಂಜಿನ್ ಆಫ್ ಮಾಡಿದೆ. ಹಿಂದೆ ಬಂದ ಪ್ರಸಾದನೂ ಆಫ್ ಮಾಡಿದ. ಆನೆ ಬಿದಿರು ಮುರಿಯುತ್ತಾ ನಮ್ಮಿಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪ್ರಸಾದ ಬೆಕ್ಕಿನಂತೆ ಬಂದು ನನ್ನ ಪಕ್ಕದ ಸೀಟಿನಲ್ಲಿ ಕುಳಿತ. ಪಿಸುಮಾತಿನಲ್ಲಿ ಬೆದರಿಸಿದ.

"ಕಾರ್ಡ್."

"ಮೆಲ್ಲಗೆ ಕಣಪ್ಪ. ಅದಕ್ಕೆ ಕೇಳಿಸುತ್ತೆ."

"ಕಾರ್ಡ್ ಅಕ್ಕ!" ಇನ್ನೂ ಮೆಲ್ಲಗೆ ಎಂದ.

ಕೊಟ್ಟೆ. ಫೋನನ್ನೂ ಕಿತ್ತುಕೊಂಡ. ಆಮೇಲೆ ಹಿಂದಿನ ಸೀಟಿನ ಮೇಲಿದ್ದ ಲ್ಯಾಪ್‌ಟಾಪ್ ಅವನ ಕಣ್ಣಿಗೆ ಬಿತ್ತು.

ಅದು ಮಾತ್ರ ಅವನ ಕೈಗೆ ಸಿಗಬಾರದಿತ್ತು.

ಯಾಕೆಂದು ಹೇಳುತ್ತೇನೆ.

ಪ್ರಸಾದನ ಧಣಿ ಬೆಳ್ಳಿಯಪ್ಪ. ಅವನದೊಂದು ಎಸ್ಟೇಟ್ ಉಂಟು. ಈ ಘಾಟಿಯ ಅಂಚಿನದು. ಸೆಪ್ಟೆಂಬರ್‌ನಲ್ಲಿ, ಕೈಲ್ ಪೊಳ್ದ್ ಹಬ್ಬದ ಮಾರನೆಯ ದಿನ, ಅಲ್ಲಿ ಗುಂಡೇಟು ತಿಂದ ಕಾಡಾನೆಯೊಂದು ಸತ್ತು ಬಿದ್ದಿತ್ತು. ಕೋವಿ ಸಿಕ್ಕಿದ್ದು ಎಸ್ಟೇಟ್ ವಾಚರ್ ರವಿಯ ಮಂಚದಡಿ. ಆದರೆ ಕೋವಿ ಬೆಳ್ಳಿಯಪ್ಪನದು. "ಆಗಸ್ಟಿನಲ್ಲೇ ಕಳುವಾಗಿತ್ತು, ಮಾನ ಹೋಗುತ್ತೆ ಅಂತ ಸುಮ್ಮನಿದ್ದೆ," ಎಂದ ಬೆಳ್ಳಿಯಪ್ಪ. ಮುಗಿಯಿತು! ರವಿ ಒಳಗೆ.

ಅವನ ಹೆಂಡತಿ ಸುಮಿತಾ ತುಂಬು ಬಸುರಿ. ನನ್ನ ಜಗಲಿಗೆ ಬಂದು ಕುಳಿತಳು.

"ಅಕ್ಕ, ಆನೆ ಓಡಿಸೋಕೆ ಪಟಾಕಿ ಹೊಡೀ ಅಂದ್ರೂ ಹೊಡೀತಿರ್ಲಿಲ್ಲ ಇವ್ರು. ಅದರ ಕಿವಿ ನೋಯ್ತದೆ ಅಂತಿದ್ರು. ಈಗ ಕಳ್ಳನ ಹೆಂಡ್ತಿ, ಎಸ್ಟೇಟಿನ ಲೈನ್ ಮನೆ ಖಾಲಿ ಮಾಡು ಅಂತಾರೆ. ಈ ಹೊಟ್ಟೆ ಹೊತ್ಕೊಂಡು ಎಲ್ಲಿಗೆ ಹೋಗ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಹಾಗೆ ಏರಿದಾಗ ನಾನು ಫೀಸು ಕೇಳುವುದಿಲ್ಲ.

ಅವಳೇ ಇನ್ನೊಂದು ಮಾತು ಹೇಳಿದಳು. ಬೀಟೆ ಮರ ಕದಿಯುವವರನ್ನು ಹಿಡಿಯಲು ಬೆಳ್ಳಿಯಪ್ಪ ಈ ಜೂನ್‌ನಲ್ಲಿ ಒಂದು ಕ್ಯಾಮೆರಾ ತರಿಸಿದ್ದ. ಮುಂದೆ ಏನು ಸುಳಿದರೂ ತಾನೇ ಫೋಟೊ ತೆಗೆಯುವಂಥದ್ದು. ರವಿ ಅದನ್ನು ತೋಟದ ದಾರಿಯ ಮರಕ್ಕೆ ಕಟ್ಟಿದ್ದ. ಧಣಿ ಮರೆತೇಬಿಟ್ಟಿದ್ದ! ನಾನು ಕಾರ್ಡ್ ತೆಗೆಯುವುದನ್ನು ಯಾರೋ ನೋಡಿದ ಮೇಲೆಯೇ ಅವನಿಗೆ ನೆನಪಾದದ್ದು.

ಅಷ್ಟರಲ್ಲಿ ನಾನು ಜೀಪಿನ ಬಾನೆಟ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಕಾರ್ಡ್ ನೋಡಿ ಮುಗಿಸಿದ್ದೆ. ಹಂದಿ, ಹಂದಿ, ಮುಳ್ಳುಹಂದಿ, ಹಂದಿ... ಬೆಳ್ಳಿಯಪ್ಪ! ಹೆಗಲ ಮೇಲೆ ಕೋವಿ. ಅದೊಂದನ್ನು ಕಾಪಿ ಮಾಡಿಕೊಂಡೆ. ಹೆಸರು ಕೊಡಬೇಕಿತ್ತು. ಹೊಟ್ಟೆ ಹಸಿದಿತ್ತು. 'ಕಡುಬು' ಎಂದು ಕೊಟ್ಟೆ.

ಈಗ ಆ ಲ್ಯಾಪ್‌ಟಾಪ್ ಪ್ರಸಾದನ ತೊಡೆಯ ಮೇಲೆ.

ಅವನು ತೆರೆದ. ಕಪ್ಪು ಸ್ಕ್ರೀನ್. ನಾಲ್ಕು ಸಾಲು ಬಿಳಿ ಅಕ್ಷರ. ಮಿಟುಕುವ ಒಂದು ಗೀಟು.

ಪ್ರಸಾದ ಬೆರಳಿನಿಂದ ಸವರಿದ. ಏನೂ ಅಲುಗಲಿಲ್ಲ. ಸ್ಕ್ರೀನ್ ಮುಟ್ಟಿದ. ಏನೂ ಇಲ್ಲ. ತಟ್ಟಿದ.

"ಇದೆಂತ? ಸತ್ತಿದೆಯಾ?"

"ಎಂದೋ ಸತ್ತಿದೆ."

ಸುಳ್ಳಲ್ಲ. ಅದು ನನ್ನ ಅಣ್ಣನ ಮಗಳು ಅಮೃತಾ ಬಿಸಾಡಿದ್ದು. ಐಕಾನ್, ಮೌಸಿನ ಬಾಣ, ಕಿಟಕಿ ಯಾವುದೂ ಬರುವುದಿಲ್ಲ. ಕಮಾಂಡ್ ಟೈಪ್ ಮಾಡಿದರೆ ಮಾತ್ರ ಉಂಟು. "ಅತ್ತೆ, ಫೋಟೊ ನೋಡೋಕೆ ಇಷ್ಟು ಸಾಕು ಕಣೆ," ಎಂದು ಕಲಿಸಿದ್ದಳು. "ಎಫ್ ಐ ಎಂ ಅಂತ ಹೊಡಿ. ಜಾಗ ಬಿಡು. ಫೈಲ್ ಹೆಸರು ಹೊಡಿ. ಎಂಟರ್. ದೊಡ್ಡದು ಮಾಡೋಕೆ ಪ್ಲಸ್. ಸರಿಸೋಕೆ ಬಾಣದ ಕೀ. ಸಾಕಾದ್ರೆ ಕ್ಯೂ." ಅಷ್ಟೇ! ಫೈಲಿನ ಹೆಸರಿಗೆ ಫೋಟೊದ ಬಾಲ ಇಲ್ಲದಿದ್ದರೂ ಅದಕ್ಕೆ ಚಿಂತೆಯಿಲ್ಲ. ಒಳಗೆ ಏನಿದೆ ಎಂದು ತಾನೇ ನೋಡಿಕೊಳ್ಳುತ್ತದೆ.

ಪ್ರಸಾದ ಆ ಬಿಳಿ ಅಕ್ಷರಗಳನ್ನು ಕಷ್ಟಪಟ್ಟು ಓದಿದ.

"ಕ... ಡು... ಬು. ಎಂತ ಇದು?"

"ರೆಸಿಪಿ."

ಅವನು ನನ್ನನ್ನು ನೋಡಿದ. ಪಾಪ ಎನ್ನಿಸಿರಬೇಕು. ಲ್ಯಾಪ್‌ಟಾಪನ್ನು ಹಿಂದಕ್ಕೆ ಎಸೆದ.

"ಗುಜರಿಗೆ ಹಾಕಿ ಅಕ್ಕ, ಇದನ್ನು."

ಆನೆ ಬಿದಿರು ಮುಗಿಸಿ ಕಾಡಿಗಿಳಿಯಿತು. ಪ್ರಸಾದ ಕಾರ್ಡ್‌ಗೆ ಕಡ್ಡಿ ಗೀರಿ, ಅದು ಸುಟ್ಟು ಮುದುಡುವುದನ್ನು ನನ್ನೆದುರೇ ನೋಡಿ ಹೋದ.

ಮರುದಿನ ಬೆಳಿಗ್ಗೆ ಪೊನ್ನಂಪೇಟೆ. ಅರಣ್ಯ ಇಲಾಖೆಯ ಕಚೇರಿ.

ಬೆಂಚಿನ ಮೇಲೆ ರವಿ. ಬಾಗಿಲಲ್ಲಿ ಸುಮಿತಾ. ಹೊರಗೆ ಅವನನ್ನು ಕೋರ್ಟಿಗೆ, ಅಲ್ಲಿಂದ ಜೈಲಿಗೆ ಒಯ್ಯಲು ಗಾಡಿ ಸಿದ್ಧ. ಮೇಜಿನ ಹಿಂದೆ ಆಫೀಸರ್ ಐಶ್ವರ್ಯ. ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಬೆಳ್ಳಿಯಪ್ಪ. ಗೋಡೆಗೆ ಒರಗಿ ಪ್ರಸಾದ.

"ಎಂತ ಸುಲೋಚನಮ್ಮ," ಬೆಳ್ಳಿಯಪ್ಪ ನಕ್ಕ. "ರೆಸಿಪಿ ತಂದಿರಾ?"

"ತಂದಿದ್ದೀನಿ ಸಾರ್."

ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಕಪ್ಪು ಸ್ಕ್ರೀನ್ ನೋಡಿ ಐಶ್ವರ್ಯ ಹುಬ್ಬು ಗಂಟಿಕ್ಕಿದಳು.

"ಒಂದು ನಿಮಿಷ, ಮೇಡಂ. ಸಾರ್, ಕೋವಿ ಯಾವಾಗ ಕಳುವಾಗಿದ್ದು ಅಂದ್ರಿ?"

"ಎಷ್ಟು ಸಲ ಹೇಳೋದು ಮಾರಾಯ್ತಿ? ಆಗಸ್ಟ್! ಈ ವರ್ಷ ಕೈಲ್ ಪೊಳ್ದಿಗೆ ಪೂಜೆಗಿಡೋಕೆ ಕೋವಿಯೇ ಇಲ್ಲ. ಒಡಿಕತ್ತಿ ಒಂದೇ ಇಟ್ಟು ಕೈಮುಗಿದೆ. ಎಷ್ಟು ಬೇಜಾರಾಯ್ತು ಗೊತ್ತಾ?"

ನಾನು ಟೈಪ್ ಮಾಡಿದೆ. ಎಫ್ ಐ ಎಂ. ಜಾಗ. ಕಡುಬು. ಎಂಟರ್!

ಕಪ್ಪು ಹೋಯಿತು. ಸ್ಕ್ರೀನ್ ತುಂಬ ಸಂಜೆಯ ಹಸಿರು ತೋಟ. ನಡುವೆ ಹೆಗಲಿಗೆ ಕೋವಿ ಹೊತ್ತ ಬೆಳ್ಳಿಯಪ್ಪ.

ಪ್ರಸಾದನ ಬಾಯಿ ತೆರೆದುಕೊಂಡಿತು.

"ಸತ್ತಿತ್ತಲ್ಲ ಅದು!" ಎಂದ.

"ಬಾಯ್ಮುಚ್ಚು!" ಎಂದ ಬೆಳ್ಳಿಯಪ್ಪ. ಆಮೇಲೆ ಮುಂದೆ ಬಾಗಿ ಫೋಟೊ ನೋಡಿ ಜೋರಾಗಿ ನಕ್ಕ. "ಮೇಡಂ, ಫೋಟೊದ ಅಡಿಯಲ್ಲಿ ತಾರೀಖು ನೋಡಿ. ಎರಡು ಸಾವಿರದ ಇಸವಿ, ಜನವರಿ ಒಂದು! ಈ ಕ್ಯಾಮೆರಾ ತರಿಸಿದ್ದೇ ನಾನು, ಈ ಜೂನ್‌ನಲ್ಲಿ. ಬ್ಯಾಟರಿ ಬಿಚ್ಚಿದಾಗಲೆಲ್ಲ ತಾರೀಖು ಮರೆಯುವ ದರಿದ್ರ ವಸ್ತು. ಇದು ಜೂನ್ ಜುಲೈನಲ್ಲಿ ತೆಗೆದದ್ದು. ಕೋವಿ ಕಳುವಾಗೋ ಮುಂಚೆ. ನನ್ನ ತೋಟ, ನನ್ನ ಕೋವಿ. ತಪ್ಪೆಂತ?"

ಐಶ್ವರ್ಯ ನನ್ನನ್ನು ನೋಡಿದಳು.

ಬಾಗಿಲಲ್ಲಿ ಸುಮಿತಾ ಗೋಡೆ ಹಿಡಿದುಕೊಂಡಳು. ಹೊರಗೆ ಗಾಡಿಯ ಎಂಜಿನ್ ಶುರುವಾಯಿತು.

ಮಾಡಲು ಬೇರೇನೂ ತೋಚಲಿಲ್ಲ. ಪ್ಲಸ್ ಒತ್ತಿದೆ.

ಬೆಳ್ಳಿಯಪ್ಪನ ಮುಖ ದೊಡ್ಡದಾಯಿತು. ಪ್ಲಸ್. ಬಾಣದ ಕೀ ಒತ್ತಿ ಮೇಲೆ ಸರಿಸಿದೆ. ಕೋವಿ. ಪ್ಲಸ್! ನಳಿಕೆಯ ತುದಿ...

ತುದಿಯಲ್ಲೊಂದು ಹೂವು. ಬೆಂಕಿ ಹೊತ್ತಿಕೊಂಡಂಥ ಕೆಂಪು ಹಳದಿ ಎಸಳು.

ತೋಕ್ ಪೂ!

ಕೊಡಗಿನಲ್ಲಿ ಇದನ್ನು ಯಾರಿಗೂ ವಿವರಿಸಬೇಕಿಲ್ಲ. ನೀವು ಹೊರಗಿನವರು, ಹೇಳುತ್ತೇನೆ. ತೋಕ್ ಎಂದರೆ ಕೋವಿ, ಪೂ ಎಂದರೆ ಹೂವು. ಕೈಲ್ ಪೊಳ್ದ್ ಎಂದರೆ ಆಯುಧಗಳ ಪೂಜೆ. ಅಂದು ಕೋವಿಗೆ ಗಂಧವಿಟ್ಟು ನಳಿಕೆಗೆ ಈ ಹೂವು ಸಿಕ್ಕಿಸುತ್ತಾರೆ. ಕ್ಯಾಮೆರಾ ಬಂದದ್ದು ಜೂನ್‌ನಲ್ಲಿ. ಆಮೇಲೆ ಬಂದದ್ದು ಒಂದೇ ಕೈಲ್ ಪೊಳ್ದ್. ಆನೆ ಸತ್ತದ್ದೂ ಆ ಹಬ್ಬದ ರಾತ್ರಿ ಬೆಳಗಾಗುವುದರೊಳಗೆ.

ಟೀ ತಂದವನೂ ಲೋಟ ಹಿಡಿದು ನಿಂತುಬಿಟ್ಟ.

ಬೆಳ್ಳಿಯಪ್ಪ ಬಡಪೆಟ್ಟಿಗೆ ಬಗ್ಗುವವನಲ್ಲ. "ಹೂವು ಕಾಡಲ್ಲಿ ಬೇಕಾದಷ್ಟು ಉಂಟು," ಎಂದ. "ಬೇರೆ ಯಾವತ್ತೋ ಸಿಕ್ಕಿಸಿರಬಹುದು."

ನನಗೆ ಆ ಕ್ಷಣದಲ್ಲಿ ಈ ಮನುಷ್ಯ ಅರ್ಥವಾದ.

"ಇರಬಹುದು ಮೇಡಂ," ಎಂದೆ. "ಇವರಿಗೆ ಪೂಜೆ, ಸಂಪ್ರದಾಯ ಎಲ್ಲ ಅಷ್ಟಕ್ಕಷ್ಟೇ. ದಾರೀಲಿ ಸಿಕ್ಕಿದ ಹೂವು ಕಿತ್ತು ಶೋಕಿಗೆ ಸಿಕ್ಕಿಸಿರ್ತಾರೆ. ಹಿರಿಯರ ಕೋವಿ ಅನ್ನೋ ಗೌರವ ಇದ್ರೆ ತಾನೆ?"

"ಏಯ್!"

ಬೆಳ್ಳಿಯಪ್ಪ ಎದ್ದು ನಿಂತ. ಮುಖ ಕೆಂಡ. ಆನೆ ಕೊಂದ ಅನುಮಾನ ಬಂದಾಗ ನಕ್ಕ ಮನುಷ್ಯ ಇವನೇ!

"ಶೋಕಿ? ಯಾರಿಗೆ ಹೇಳ್ತಾ ಇದ್ದೀ? ನನ್ನ ಅಜ್ಜನ ಕೋವಿ ಅದು! ಹಬ್ಬದ ದಿನ ಬೆಳಿಗ್ಗೆ ಸ್ನಾನ ಮಾಡಿ, ದೀಪದ ಮುಂದೆ ಇಟ್ಟು, ನಾನೇ ಈ ಕೈಯಲ್ಲಿ ಸಿಕ್ಕಿಸಿದ ಹೂವು! ಪೂಜೆ ಮಾಡದೆ ಒಂದು ವರ್ಷವಾದರೂ ಕೋವಿ ಹೊರಗೆ ತೆಗೆದಿದ್ದೀನಾ? ಈ ವರ್ಷವೂ..."

ನಿಂತ.

ತಡವಾಗಿತ್ತು.

"ಈ ವರ್ಷವೂ?" ಐಶ್ವರ್ಯ ಮೆಲ್ಲಗೆ ಕೇಳಿದಳು. "ಮುಂದುವರಿಸಿ ಸಾರ್. ಈ ವರ್ಷ ಒಡಿಕತ್ತಿ ಮಾತ್ರ ಅಂದಿದ್ರಿ."

ಬೆಳ್ಳಿಯಪ್ಪ ಕುಳಿತ. ಕಾಲ ಮೇಲೆ ಕಾಲು ಹಾಕಲಿಲ್ಲ.

ಹೊರಗಿನ ಗಾಡಿ ಹೊರಟಿತು, ಆದರೆ ಅದರಲ್ಲಿ ರವಿ ಇರಲಿಲ್ಲ. ಸುಮಿತಾ ಬಾಗಿಲಲ್ಲೇ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ರವಿ ಅವಳ ತಲೆ ಮೇಲೆ ಕೈಯಿಟ್ಟು ನಿಂತಿದ್ದ. ನನಗೂ ಕಣ್ಣು ತುಂಬಿತು. ಕ್ಯೂ ಒತ್ತಿದೆ. ಸ್ಕ್ರೀನ್ ಮತ್ತೆ ಕಪ್ಪಾಯಿತು.

ಗಾಡಿ ಹತ್ತುವ ಮೊದಲು ಬೆಳ್ಳಿಯಪ್ಪ ನನ್ನತ್ತ ತಿರುಗಿದ್ದ.

"ಒಂದು ಮಾತು ನಡೆಸಿಕೊಡಬೇಕು ನೀವು."

"ಹೇಳಿ ಸಾರ್."

"ಊರವರು ಏನೇನೋ ಮಾತಾಡ್ತಾರೆ. ನಾನು ಪೂಜೆ ತಪ್ಪಿಸಿದವನಲ್ಲ ಅಂತ ಎಲ್ಲರಿಗೂ ಹೇಳಬೇಕು."

ಮಾತು ಕೊಟ್ಟೆ. ಕೊಟ್ಟ ಮೇಲೆ ನಡೆಸಬೇಕಲ್ಲ? ಅದಕ್ಕೇ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೇನೆ, ಈಗ ನಿಮಗೂ...

ಬೆಳ್ಳಿಯಪ್ಪ ಪೂಜೆ ಮಾಡಿಯೇ ಆನೆ ಕೊಂದ.