ಮೆಟ್ಟಿಲ ಕೆಳಗಿನ ಗಡ್ಡೆ ಪೆಟ್ಟಿಗೆ

"ಯಾರ್ರೀ ಅದು? ಮೊದ್ಲು ಗಿಡ ಬಿಡ್ರೀ!"

ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಕೊರಳಲ್ಲಿ ಅಳತೆ ಟೇಪು, ಎರಡು ಕಾಲಿಗೂ ಬೇರೆ ಬೇರೆ ಬಣ್ಣದ ಚಪ್ಪಲಿ... ಹಿತ್ತಲ ಬಾಗಿಲಲ್ಲಿ ನಿಂತು ಅವಳು ಕೂಗಿದ ರಭಸಕ್ಕೆ ಗೋಡೆ ಮೇಲಿದ್ದ ಬೆಕ್ಕು ಹಾರಿ ಓಡಿತು.

ಅಪರಿಚಿತ ಮಾತ್ರ ಓಡಲಿಲ್ಲ. ಅಮ್ಮನ ಡೇಲಿಯಾ ಗಿಡದ ಮುಂದೆ ಮೊಣಕಾಲೂರಿ ಕುಳಿತಿದ್ದವನು ನಿಧಾನವಾಗಿ ತಲೆಯೆತ್ತಿದ. ಪಕ್ಕದಲ್ಲಿ ಕಡಿದು ಹಾಕಿದ ದಂಟುಗಳ ರಾಶಿ. ನಿನ್ನೆ ಸಂಜೆವರೆಗೂ ಹಸಿರಾಗಿದ್ದ ಎಲೆಗಳೆಲ್ಲ ಕಪ್ಪಗಾಗಿ, ಸುಟ್ಟ ಕಾಗದದಂತೆ ಜೋತುಬಿದ್ದಿದ್ದವು.

"ಸಾಯಿಸಿಬಿಟ್ರಾ?" ಅವಳು ಎರಡು ಹೆಜ್ಜೆ ಮುಂದೆ ಬಂದಳು.

"ನಾನಲ್ಲ ಕಣ್ರೀ, ಹೆಪ್ಪುಗಟ್ಟಿದ ಮಂಜು. ಅದೂ ಸಾಯಿಸಿದ್ದು ಮೇಲಿನದನ್ನ ಮಾತ್ರ. ಕೆಳಗೆ ಗಡ್ಡೆ ಬದುಕಿದೆ." ಅವನು ಅವಳ ಕೈ ನೋಡಿದ. "ಆ ಕತ್ತರಿ ಸ್ವಲ್ಪ ಕೆಳಗಿಟ್ರೆ ಉಳಿದದ್ದು ಧೈರ್ಯವಾಗಿ ಹೇಳ್ತೀನಿ."

ಅವಳು ಊರಲ್ಲಿಲ್ಲದಾಗ ಪಕ್ಕದ ಮನೆಗೆ ಬಂದು ನೆಲೆಸಿದವನು ಅವನು. ಕೃತಕ ಹಲ್ಲಿನ ಸೆಟ್ಟುಗಳನ್ನು ಮಾಡುವುದು ಅವನ ಕಸುಬು. ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಹಲ್ಲಣ್ಣ ಎಂದೇ. ಅಕ್ಕನ ಹಸುಗೂಸನ್ನು ನೋಡಿಕೊಳ್ಳಲು ಊರು ಬಿಟ್ಟ ಅಮ್ಮ, ಮನೆಯನ್ನು ಕಿರಿಮಗಳಿಗೆ ವಹಿಸಿದ್ದರು. ಡೇಲಿಯಾವನ್ನು ಮಾತ್ರ ಗುಟ್ಟಾಗಿ ಇವನಿಗೆ ವಹಿಸಿ ಹೋಗಿದ್ದರು!

"ಅಮ್ಮಾ, ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಅವಳು ಫೋನಿನಲ್ಲಿ ರೇಗಿದಳು.

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ ಪುಟ್ಟಿ? ಬೀಜ ಹಾಕಿ ದಿನಾ ಅಗೆದು ನೋಡೋಳು ನೀನು. ಎಂಟು ವರ್ಷದವಳಿದ್ದಾಗ ನನ್ನ ಒಂದು ಸಾಲು ಹುರುಳಿಕಾಯಿ ಗಿಡ ಹಾಗೇ ಹೋಯ್ತು!" ಅಮ್ಮ ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು. "ಹುಷಾರು ಕಣೇ. ನಿಮ್ಮಪ್ಪ ತಂದಿದ್ದರಲ್ಲಿ ಜೀವ ಇರೋದು ಅದೊಂದೇ."

ಹೌದು. ಮದುವೆಯಾದ ವರ್ಷ ಅಪ್ಪ ಕರವಸ್ತ್ರದಲ್ಲಿ ಸುತ್ತಿ ತಂದ ಒಂದೇ ಒಂದು ಗಡ್ಡೆ. ಮೂವತ್ತೊಂದು ವರ್ಷ ಅಮ್ಮ ಅದನ್ನು ಪ್ರತಿ ಚಳಿಗಾಲ ಅಗೆದು, ಒಳಗಿಟ್ಟು, ಮತ್ತೆ ನೆಟ್ಟು ಉಳಿಸಿಕೊಂಡು ಬಂದಿದ್ದರು. ಕಡುಗೆಂಪು ಹೂ, ಎಸಳಿನ ತುದಿಗೆ ಮಾತ್ರ ಬಿಳಿ. ಅಪ್ಪ ಹೋಗಿ ಆರು ವರ್ಷವಾಗಿತ್ತು. ಹೂ ಬರುವುದು ನಿಂತಿರಲಿಲ್ಲ.

"ಈಗ್ಲೇ ಅಗೆಯೋಣ್ವಾ?" ಅವಳು ಅವನನ್ನು ಕೇಳಿದಳು.

"ಇಲ್ಲ, ಒಂದು ವಾರ ಬಿಡಬೇಕು. ಸಿಪ್ಪೆ ಗಟ್ಟಿಯಾಗುತ್ತೆ. ಮುಂದಿನ ಭಾನುವಾರ ಬರ್ತೀನಿ. ಅಲ್ಲೀವರೆಗೂ ಮುಟ್ಬೇಡಿ."

ಮುಟ್ಟಬೇಡ ಎಂದರೆ ಮುಗಿಯಿತು! ಹೊಲಿಗೆ ಯಂತ್ರ ತುಳಿಯುತ್ತಿದ್ದರೂ ಅವಳ ಮನಸ್ಸು ಮಣ್ಣಿನೊಳಗೇ. ಹೇಗಿರುತ್ತೆ ಅದು? ಎಷ್ಟಿರುತ್ತೆ? ಒಂದು ರವಿಕೆಗೆ ಎರಡೂ ಎಡತೋಳು ಹೊಲಿದಳು. ಮೂರನೆಯ ದಿನ ಗುದ್ದಲಿ ಹಿಡಿದೇ ಬಿಟ್ಟಳು.

ಅಬ್ಬಾ! ಮಣ್ಣಿನಡಿಯಿಂದ ಎದ್ದು ಬಂದದ್ದು ಗೆಣಸಿನಂತಹ ಗಡ್ಡೆಗಳ ದೊಡ್ಡ ಗೊಂಚಲು. ತೊಳೆದಳು, ಎಣಿಸಿದಳು, ಟೇಪು ಹಿಡಿದು ಅಳೆದಳು. ಬಿಡಿಸಿಡಬೇಕು ಎಂದು ಅಮ್ಮ ಹೇಳುತ್ತಿದ್ದದ್ದು ನೆನಪಿತ್ತು. ಕೈಯಲ್ಲಿ ಕತ್ತರಿ ಇದ್ದೇ ಇತ್ತು. ದಪ್ಪನೆಯ ಎಂಟು ಗಡ್ಡೆಗಳನ್ನು ಕುತ್ತಿಗೆಯ ಹತ್ತಿರ, ಕಾಲರ್ ಕತ್ತರಿಸಿದಷ್ಟು ನೀಟಾಗಿ ಕತ್ತರಿಸಿದಳು. ನಡುವೆ ಉಳಿದದ್ದು ಗಂಟುಗಂಟಾದ ದಂಟಿನ ಬುಡ, ಅದಕ್ಕೆ ನೇತಾಡುವ ಬೆರಳಿನಷ್ಟು ಸಣ್ಣದೊಂದು ಗಡ್ಡೆ. ಬಟ್ಟೆ ಹೊಲಿದ ಮೇಲೆ ಚಿಂದಿ ಉಳಿಯುವುದಿಲ್ಲವೇ, ಹಾಗೆ! ಅದನ್ನು ಗೊಬ್ಬರದ ಗುಂಡಿಗೆ ಎಸೆದಳು.

ಭಾನುವಾರ ಹಲ್ಲಣ್ಣ ಬಂದಾಗ, ಮೆಟ್ಟಿಲ ಕೆಳಗೆ ಮರದ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಎಂಟೂ ಗಡ್ಡೆಗಳು ಸಾಲಾಗಿ ಮಲಗಿದ್ದವು.

"ನೋಡಿ! ಹೇಗಿದೆ?"

ಅವನು ಜೇಬಿನಿಂದ ಹಲ್ಲಿನ ಕೆಲಸಕ್ಕೆ ಬಳಸುವ ಭೂತಗನ್ನಡಿ ತೆಗೆದು ಒಂದೊಂದೇ ಗಡ್ಡೆಯ ಕುತ್ತಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಎಷ್ಟು ಶ್ರದ್ಧೆ ಈ ಮನುಷ್ಯನಿಗೆ... ಅವಳು ಬೆರಗಾದಳು.

"ನಡುವಿನ ಬುಡ ಏನ್ಮಾಡಿದ್ರಿ?"

"ಆ ಗಂಟಾ? ಗೊಬ್ಬರಕ್ಕೆ ಹಾಕ್ದೆ. ಯಾಕೆ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಅಮ್ಮನ ಫೋನು. "ಅಮ್ಮಾ! ನಾನೇ ಅಗೆದೆ, ನಾನೇ ಬಿಡಿಸಿದೆ, ಎಂಟು ಗಡ್ಡೆ!" ಅತ್ತ ಕಡೆ ಅಮ್ಮ ಬಿಕ್ಕಿದ್ದು ಅವನಿಗೂ ಕೇಳಿಸಿತು. "ನಿಮ್ಮಪ್ಪ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರೋ ಪುಟ್ಟಿ..." ಇತ್ತ ಮಗಳ ಕಣ್ಣಲ್ಲೂ ನೀರು.

ಅವನು ಬಾಯಿ ಮುಚ್ಚಿಕೊಂಡ. "ಭಾನುವಾರಕ್ಕೊಮ್ಮೆ ನೋಡ್ತಿರಬೇಕು" ಎಂದಷ್ಟೇ ಹೇಳಿದ. "ಸುಕ್ಕಾದ್ರೆ ಸ್ವಲ್ಪ ನೀರು ಚಿಮುಕಿಸಬೇಕು, ಕೊಳೆತ್ರೆ ಕತ್ತರಿಸಿ ಹಾಕಬೇಕು. ನಾ... ನಾನೇ ಬರ್ತೀನಿ."

ಬಂದ. ಪ್ರತಿ ಭಾನುವಾರವೂ ಬಂದ. ಮೆಟ್ಟಿಲ ಕೆಳಗಿನ ಆ ಮೂಲೆಯಲ್ಲಿ ಇಬ್ಬರೂ ತಲೆ ಬಗ್ಗಿಸಿ ಕೂರುತ್ತಿದ್ದರು. ಗಡ್ಡೆ ನೋಡುವುದಕ್ಕೆ ಐದು ನಿಮಿಷ, ಮಾತಿಗೆ ಎರಡು ಗಂಟೆ.

"ನಿಮ್ಮ ಹತ್ರ ಬರೋರಿಗೆಲ್ಲ ಒಂದೇ ಥರದ ಹಲ್ಲು ಹಾಕ್ತೀರಾ?"

"ನೀವು ಎಲ್ಲರಿಗೂ ಒಂದೇ ಅಳತೆ ರವಿಕೆ ಹೊಲೀತೀರಾ?"

"ಮತ್ತೆ ಅವರು ಮೊದಲು ಹೇಗೆ ನಗ್ತಿದ್ರು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ಹಳೇ ಫೋಟೋ ತರೋಕೆ ಹೇಳ್ತೀನಿ. ಮದುವೆ ಫೋಟೋದಲ್ಲಿ ಯಾರೂ ನಕ್ಕಿರಲ್ಲ, ಅದೇ ಕಷ್ಟ."

ಅವಳು ನಕ್ಕು ನಕ್ಕು ಮೆಟ್ಟಿಲಿಗೆ ತಲೆ ಬಡಿದುಕೊಂಡಳು. ಅವನ ಕೈ ತಟ್ಟನೆ ಅವಳ ತಲೆಯತ್ತ ಬಂದು, ಅರ್ಧದಲ್ಲೇ ನಿಂತು, ಹಿಂದೆ ಹೋಯಿತು. ಆ ಅರ್ಧದಲ್ಲಿ ನಿಂತ ಕೈಯನ್ನು ಅವಳು ವಾರವಿಡೀ ನೆನೆದಳು.

ಒಲೆಯ ಮೇಲೆ ಹಾಲಿಟ್ಟವರಿಗೆ ಗೊತ್ತು... ನೋಡುತ್ತ ನಿಂತರೆ ಉಕ್ಕುವುದಿಲ್ಲ, ಅತ್ತ ತಿರುಗಿದರೆ ಸಾಕು. ಅವಳಿಗೂ ಹಾಗೇ ಆಯಿತು. ಗಡ್ಡೆಯನ್ನೇ ನೋಡುತ್ತಿದ್ದಳು, ಉಕ್ಕಿದ್ದು ಬೇರೆ.

ಚಳಿ ಇಳಿಯಿತು. ಗಡ್ಡೆಗಳನ್ನು ಕುಂಡಗಳಲ್ಲಿ ನೆಟ್ಟು, ಬಿಸಿಲು ಬೀಳುವ ಕಿಟಕಿಯಲ್ಲಿಟ್ಟಳು. ಒಂದು ವಾರ. ಎರಡು. ನಾಲ್ಕು. ಎಂಟರಲ್ಲಿ ಒಂದೂ ಚಿಗುರಲಿಲ್ಲ! ಅಗೆದು ನೋಡಿದಳು. ಗಡ್ಡೆಗಳು ಗುಂಡುಗುಂಡಾಗಿ, ಗಟ್ಟಿಯಾಗಿಯೇ ಇದ್ದವು. ಮೊಳಕೆ ಮಾತ್ರ ಇಲ್ಲ. ಮುಂದಿನ ತಿಂಗಳು ಅಮ್ಮ ಬರುತ್ತಾರೆ... ಅವನನ್ನೇ ಕೇಳೋಣವೆಂದು ಮೊದಲ ಬಾರಿ ಅವನ ಕೆಲಸದ ಕೋಣೆಗೆ ಓಡಿದಳು.

ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು. ಅಚ್ಚು ಒಣಗಿಸುವ ಒಲೆಯ ಪಕ್ಕ, ಬೆಚ್ಚನೆಯ ಜಾಗದಲ್ಲಿ ಒಂದು ಕುಂಡ. ಅದರಲ್ಲಿ ಎರಡು ಚಿಗುರು! ಕುಂಡದ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: 'ಪಕ್ಕದ ಮನೆ ಅಮ್ಮಂದು.'

ಅವಳು ಆ ಅಕ್ಷರಗಳ ಮೇಲೆ ಬೆರಳಿಟ್ಟಳು.

"ಇದು... ನಮ್ಮದಾ?"

"ಹೌದು."

"ನನ್ನ ಎಂಟೂ ಚಿಗುರಲಿಲ್ಲ. ಅದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಮೊದಲ ದಿನದಿಂದಲೂ."

"ಚಳಿಗಾಲ ಪೂರ್ತಿ! ಚಳಿಗಾಲ ಪೂರ್ತಿ ಬಂದು, ಬದುಕದ ಗಡ್ಡೆಗೆ ನೀರು ಚಿಮುಕಿಸ್ತಾ ಕೂತಿದ್ರಾ? ಒಳ್ಳೇದನ್ನ ಇಲ್ಲಿ ಬಚ್ಚಿಟ್ಕೊಂಡು? ನನ್ನ ನೋಡಿ ಎಷ್ಟು ನಕ್ಕಿರಬೇಕು ನೀವು!"

"ಇಲ್ಲ ಕಣ್ರೀ, ಒಂದು ನಿಮಿಷ ಕೇಳಿ..."

ಅವಳು ಕೇಳಲಿಲ್ಲ. ಬಾಗಿಲು ದಡಾರನೆ ಬಡಿದುಕೊಂಡಿತು. ಕಪಾಟಿನ ದವಡೆಗಳೆಲ್ಲ ಕಟಕಟ ಎಂದವು.

ಮನೆಗೆ ಬಂದವಳು ಅಳುತ್ತಲೇ ಅಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಅಮ್ಮ ಬಯ್ಯಲಿಲ್ಲ. ಕೇಳಿದ್ದು ಒಂದೇ ಮಾತು. "ಪುಟ್ಟಿ, ಕತ್ತರಿಸುವಾಗ ಪ್ರತಿ ಗಡ್ಡೆಗೂ ಬುಡದ ಒಂದು ಚೂರು ಬಿಟ್ಟೆ ತಾನೇ?"

"ಬುಡಾನಾ? ಅದನ್ನ ಎಸೆದೆನಲ್ಲಮ್ಮ."

ಅಮ್ಮ ನಿಟ್ಟುಸಿರಿಟ್ಟರು. "ಅಯ್ಯೋ ನನ್ನ ಮಗಳೇ... ಕಣ್ಣು ಇರೋದು ಬುಡದಲ್ಲಿ ಕಣೇ. ಚಿಗುರು ಬರೋದು ಆ ಕಣ್ಣಿಂದ. ಗಡ್ಡೆ ಬರೀ ಬುತ್ತಿ. ತಿನ್ನೋರೇ ಇಲ್ಲದಿದ್ರೆ ಬುತ್ತಿ ಎಷ್ಟು ದೊಡ್ಡದಿದ್ದು ಏನು?"

ಅವಳು ಹಣೆ ಚಚ್ಚಿಕೊಂಡಳು.

"ಅದಕ್ಕೇನಾ..." ಅಮ್ಮ ಯೋಚಿಸುತ್ತ ಮುಂದುವರಿಸಿದರು. "ಚಳಿಗಾಲದಲ್ಲಿ ಆ ಹುಡುಗ ಫೋನ್ ಮಾಡಿದ್ದ. 'ಬುಡ, ಒಂದು ಸಣ್ಣ ಗಡ್ಡೆ, ಇಷ್ಟೇ ಇದ್ರೆ ಬದುಕುತ್ತಾ ಅಮ್ಮ?' ಅಂದ. ಯಾಕಪ್ಪಾ ಅಂದೆ. 'ನಾನು ಏನೋ ತಪ್ಪು ಮಾಡಿದೀನಿ, ಸರಿ ಮಾಡ್ತಿದೀನಿ' ಅಂದ. ನಿನ್ನ ಹೆಸರು ಎತ್ತಲೇ ಇಲ್ಲ ಕಣೇ."

ಫೋನಿಟ್ಟವಳು ಕಿಟಕಿಯ ಎಂಟು ಕುಂಡಗಳನ್ನು ನೋಡುತ್ತ ಕುಳಿತಳು. ಭೂತಗನ್ನಡಿ ನೆನಪಾಯಿತು. ಅಂದು ಅವನು ಹುಡುಕುತ್ತಿದ್ದದ್ದು ಕಣ್ಣನ್ನು! ಸಿಕ್ಕಿರಲಿಲ್ಲ. ಹಾಗಾದರೆ... ಗೊತ್ತಿದ್ದೂ ಪ್ರತಿ ಭಾನುವಾರ ಯಾಕೆ ಬಂದ?

ಹುಟ್ಟಿದಾಗಿನಿಂದ ಅವಳನ್ನು ಕಾಡಿದ ಪ್ರಶ್ನೆಗಳಲ್ಲಿ ಇಷ್ಟು ದೊಡ್ಡದು ಯಾವುದೂ ಇರಲಿಲ್ಲ. ಬೆಳಗಾಗುವುದನ್ನೇ ಕಾದು, ಅವನ ಬಾಗಿಲು ತಟ್ಟಿದಳು.

ಅವನು ಕುಂಡವನ್ನು ಎದೆಗವಚಿಕೊಂಡೇ ಬಾಗಿಲು ತೆರೆದ. ಕೊಡಲೆಂದು ಹೊರಟಿದ್ದನೇನೋ. ಕಣ್ಣುಗಳು ಕೆಂಪಾಗಿದ್ದವು.

"ತಗೊಳ್ಳಿ. ನಿಮ್ಮದೇ. ಗೊಬ್ಬರದ ಗುಂಡಿಯಿಂದ ತಂದಿದ್ದು."

"ಗೊತ್ತಾಯ್ತು. ಕತ್ತರಿಸಿದ್ದು ನಾನು, ಎಸೆದಿದ್ದೂ ನಾನು, ಬೈದಿದ್ದು ನಿಮ್ಮನ್ನ. ತಪ್ಪಾಯ್ತು ರೀ." ಅವಳು ಕುಂಡ ತೆಗೆದುಕೊಳ್ಳಲಿಲ್ಲ. "ಆದ್ರೆ ನೀವು ಹೇಳಬೇಕಿತ್ತು."

"ಹೇಳಬೇಕಿತ್ತು. ಅವತ್ತು ನೀವಿಬ್ಬರೂ ಅಳ್ತಿದ್ರಿ, ಖುಷಿಯಿಂದ. ಇದು ಬದುಕುತ್ತೋ ಇಲ್ವೋ ಗೊತ್ತಿರಲಿಲ್ಲ. ಚಿಗುರಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಚಿಗುರಿದ ಮೇಲೆ... ಹೇಳಿದ್ರೆ ಭಾನುವಾರ ನಿಂತು ಹೋಗುತ್ತೇನೋ ಅಂತ ಭಯ ಆಯ್ತು. ಅದು ನನ್ನ ತಪ್ಪು."

"ಹಾಗಾದ್ರೆ ಅಲ್ಲಿ ನೋಡೋಕೆ ಏನೂ ಇಲ್ಲ ಅಂತ ಗೊತ್ತಿದ್ದೂ..."

"ಏನೂ ಇಲ್ಲ ಅಂತ ಯಾರು ಹೇಳಿದ್ದು?" ಅವನು ತಲೆಯೆತ್ತಿ ಅವಳನ್ನು ನೋಡಿದ. "ನಾನು ಗಡ್ಡೆ ನೋಡೋಕೆ ಬರ್ತಿರಲಿಲ್ಲ ಕಣ್ರೀ."

ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ. ಅವಳ ಕಿವಿ ಬಿಸಿಯಾಯಿತು. ಬೇಕೆಂದೇ ಕುಂಡದತ್ತ ಬಗ್ಗಿ ಚಿಗುರನ್ನು ದಿಟ್ಟಿಸಿದಳು.

"ಇದು ಇನ್ನೂ ಸ್ವಲ್ಪ ದಿನ ಇಲ್ಲೇ ಬೆಚ್ಚಗಿರಲಿ" ಎಂದಳು. "ನಾನು ದಿನಾ ಬಂದು ನೋಡ್ತೀನಿ."

"ಅಗೆದು ನೋಡಲ್ಲ ತಾನೇ?"

"ಅದನ್ನ ಅಗೆಯಲ್ಲ." ಅವಳು ತುಟಿ ಕಚ್ಚಿ ನಕ್ಕಳು. "ನಿಮ್ಮನ್ನ ಅಗೀಬೇಕು. ಇನ್ನೂ ಏನೇನು ಬಚ್ಚಿಟ್ಟಿದೀರೋ!"

ಅಮ್ಮ ಬಂದಾಗ ಗಿಡ ಹಿತ್ತಲಲ್ಲಿ ಮೊಣಕಾಲೆತ್ತರಕ್ಕೆ ನಿಂತಿತ್ತು. ಹೂ ಬಂದದ್ದು ಇನ್ನೂ ಎರಡು ತಿಂಗಳ ಮೇಲೆ. ಕಡುಗೆಂಪು, ತುದಿಗೆ ಬಿಳಿ, ಅಂಗೈ ಅಗಲ. ಅಮ್ಮ ಅದನ್ನು ಮುಟ್ಟಿ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಮತ್ತೆ ಮಂಜು ಹೆಪ್ಪುಗಟ್ಟಿತು, ಎಲೆ ಕಪ್ಪಾಯಿತು. ಈ ಸಲ ಅವಳು ಏಳು ದಿನ ಕಾದಳು. ಹೇಗೆ ಕಾದಳೋ ಅವಳಿಗೇ ಗೊತ್ತು! ಭಾನುವಾರ ಮೂವರೂ ಸೇರಿ ಗೊಂಚಲನ್ನು ಎತ್ತಿದರು. ಅವನು ಭೂತಗನ್ನಡಿ ಕೊಟ್ಟ. ದಂಟಿನ ಬುಡದಲ್ಲಿ, ಗಡ್ಡೆಯ ಕುತ್ತಿಗೆ ಸೇರುವಲ್ಲಿ, ಸಾಸಿವೆಯಷ್ಟು ಗುಲಾಬಿ ಬಣ್ಣದ ಉಬ್ಬು.

"ಇದೇನಾ ಕಣ್ಣು?" ಅವಳ ದನಿ ಪಿಸುಮಾತಿಗಿಳಿಯಿತು. "ಇಷ್ಟು ಚಿಕ್ಕದಾ!"

"ಬುಡ ಸೇರಿಸಿ ಕತ್ತರಿಸು ಈಗ" ಎಂದರು ಅಮ್ಮ. "ಅರ್ಧ ಅವನಿಗೆ ಕೊಡೇ. ಉಳಿಸಿದ್ದು ಅವನು."

"ಪಾಲು ಯಾಕಮ್ಮ?" ಅವಳು ತಲೆಯೆತ್ತದೆ ಹೇಳಿದಳು. "ಪೆಟ್ಟಿಗೆ ಒಂದೇ ಇರಲಿ."

ಅಮ್ಮ ಮಗಳನ್ನು ನೋಡಿದರು. ಅವನನ್ನು ನೋಡಿದರು. "ಒಲೆ ಮೇಲೆ ಹಾಲಿಟ್ಟಿದೀನಿ" ಎಂದು ಎದ್ದರು. ಒಲೆ ಹೊತ್ತಿಸಿಯೇ ಇರಲಿಲ್ಲ.

ಅವನು ಅವಳ ಬೆರಳಿನ ಮಣ್ಣನ್ನು ತನ್ನ ಕರವಸ್ತ್ರದಿಂದ ಒರೆಸಿದ. ಈ ಸಲ ಅವನ ಕೈ ಅರ್ಧದಲ್ಲಿ ನಿಲ್ಲಲಿಲ್ಲ.

"ಮುಂದಿನ ಭಾನುವಾರ ಬರಲಾ? ಗಡ್ಡೆ ನೋಡೋಕೆ?"

"ಗಡ್ಡೆ ಅದರ ಪಾಡಿಗೆ ಮಲಗಿರಲಿ" ಎಂದಳು ಅವಳು. "ನೀವು ನಾಳೇನೇ ಬನ್ನಿ."