ಮೂರು ಕೂಗು

ಕುಡಿದು ಟ್ಯಾಕ್ಸಿ ಓಡಿಸಿದ ಕೇಸಿಗೆ ಕುಂದಗೋಳದ ಕೋರ್ಟಿಗೆ ಹೋಗಿದ್ದೆ. ಲೈಸೆನ್ಸ್ ಹೋದರೆ ನನ್ನ ದುಡಿಮೆಯೂ ಹೋಗುತ್ತಿತ್ತು. "ಸಾಹೇಬ್ರು ಕೇಳಿದ್ರ ಕುಡಿದಿಲ್ಲ ಅನ್ರಿ, ಮುಂದಿಂದು ನಾ ನೋಡ್ತೇನಿ," ಎಂದಿದ್ದರು ವಕೀಲೆ ಅಮೃತಾ.

ಅಂಜಿಕೆ ಮರೆಯಲು ವರಾಂಡದಲ್ಲಿ, ಹೆಸರು ಕೂಗುವ ಜವಾನನನ್ನು ಅಣಕಿಸಿದೆ. ಹೋದ ವರ್ಷ ಕುಡಿದು ಬೈಕಿನಿಂದ ಬಿದ್ದು ಸತ್ತ ಭೀಮಶಿ ಕಾಕಾನ ಹೆಸರನ್ನು ಆ ಜವಾನನಂತೆಯೇ ಮೂರು ಸಲ ಕೂಗಿದೆ.

"ನಮ್ಮಪ್ಪನ್ನ ಯಾಕ ಕರೀತೀಲೇ?" ಎಂದು ಜೊತೆಗೆ ಬಂದಿದ್ದ ಕಾಕಾನ ಮಗ ಮಾಳಪ್ಪ ಬೈದ. ಆ ಸುಡುಬೇಸಿಗೆಯಲ್ಲೂ ನನ್ನ ಕುತ್ತಿಗೆ ತಣ್ಣಗಾಯಿತು. ಬಾಜೂದಲ್ಲೇ ಯಾರೋ ಕುಡಿದು ನಿಂತಂತೆ ಸೆರೆಯ ವಾಸನೆ ಬಂತು.

ಒಳಗೆ ಜಡ್ಜ್, "ಕುಡಿದಿದ್ದಿರಾ?" ಎಂದು ಕೇಳಿದರು.

"ಹೌದ್ರೀ ಸಾಹೇಬ್ರ, ಭಾಳ ಕುಡಿದಿದ್ದೆ," ಎಂದಿತು ನನ್ನ ಬಾಯಿ.

ಹಿಂದಿನ ಬೆಂಚಿನಲ್ಲಿ ಮಾಳಪ್ಪ, "ಅಪ್ಪಾ!" ಎನ್ನುತ್ತ ಎದ್ದು ನಿಂತ.

ನಾನು ಊರಲ್ಲಿ ಎಲ್ಲರ ಧ್ವನಿಯನ್ನೂ ಅಣಕಿಸುತ್ತೇನೆ. ಭೀಮಶಿ ಕಾಕಾನದು ಮಾತ್ರ ನನಗೆ ಎಂದೂ ಬಂದಿರಲಿಲ್ಲ.